ಕೊಬ್ಬರಿ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು?



2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಆ ವರ್ಷ ಬೆಲೆ ಎಂಟು ಸಾವಿರದ ಆಜುಬಾಜಿಗೆ ಇಳಿಯಿತು. ಅದೇ ಮಾರುಕಟ್ಟೆಯಲ್ಲಿ 2025ರಲ್ಲಿ ಇಪ್ಪತ್ತು ಸಾವಿರ ದಾಟಿತು. ಯಾರ ದಯೆಯಿಂದಲೂ ಅಲ್ಲ, ಮರದಲ್ಲಿ ಕಾಯಿ ಕಮ್ಮಿಯಾಗಿದ್ದರಿಂದ.

ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಬುದ್ಧಿ ಹೇಳುವವರು ಊರಿಗೆ ಬರುತ್ತಾರೆ. ಚೀಟಿಗೆ ಸೇರಿ, ಸೈಟು ತಗೊಳ್ಳಿ, ಶೇರಿಗೆ ಹಾಕಿ, ತಿಂಗಳಿಗಿಷ್ಟು ಅಂತ ಕಟ್ಟುತ್ತಾ ಹೋಗಿ ಅಂತಾರೆ. ಅದು ತಿಂಗಳ ಸಂಬಳದವನ ಅಳತೆಗೆ ಹೊಲಿದ ಅಂಗಿ. ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ಕಾದು ದುಡ್ಡಿನ ಮುಖ ನೋಡುವ ನಮಗೆ ಅದು ಎಲ್ಲಿ ಆಗುತ್ತೆ?

ಅವರ ಮಾತು ಕೇಳುವ ಮೊದಲು ನಿಮ್ಮ ಮನೆಯ ಲೆಕ್ಕ ನೋಡಿ. ಒಂದು ಲಕ್ಷ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 3,000, ವರ್ಷಕ್ಕೆ 36,000. 2024ರ ಬೆಂಬಲ ಬೆಲೆ 12,000ದಲ್ಲಿ ಅದು ಮೂರು ಕ್ವಿಂಟಾಲ್ ಕೊಬ್ಬರಿ. ಕ್ವಿಂಟಾಲಿಗೆ ಎಂಟುನೂರರಿಂದ ಸಾವಿರ ಕಾಯಿ ಬೇಕು. ಅಂದರೆ ಮೂರು ಸಾವಿರದ ಹತ್ತಿರ ಕಾಯಿ, ಮರಕ್ಕೆ ಅರವತ್ತು ಅಂತ ಹಿಡಿದರೂ ಐವತ್ತು ಮರದ ಫಸಲು. ಹೆಚ್ಚುಕಮ್ಮಿ ಒಂದು ಎಕರೆ ತೋಟ ವರ್ಷವೆಲ್ಲಾ ಬಡ್ಡಿಯವನ ಮನೆಗೆ ದುಡಿಯುತ್ತಿದೆ. ಗೊಬ್ಬರ, ನೀರು, ಕೆಡವುವ ಕೂಲಿ, ಸುಲಿಯುವ ಕೂಲಿ ಮಾತ್ರ ನಮ್ಮದು!

ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲ್‌ನಿಂದ ಗೊತ್ತುಮಾಡಿದ ಬಡ್ಡಿ ಶೇಕಡ 7.5. ಹಾಕಿದ ಹಣ ಎರಡರಷ್ಟಾಗಲು 115 ತಿಂಗಳು. (ಹೆಸರಿನಲ್ಲಿ ಮಾತ್ರ ಕಿಸಾನ್ ಇದ್ದಾನೆ.) ವರ್ಷಕ್ಕೆ ಶೇಕಡ 36 ತೆರುತ್ತಾ ಏಳೂವರೆ ಗಳಿಸಲು ಹೊರಡುವುದು ಯಾವ ಲೆಕ್ಕ? ಕೈಸಾಲ ತೀರಿಸಿದರೆ ಉಳಿಯುವ ಶೇಕಡ 36ನ್ನು ಯಾವ ಶೇರೂ ಖಾತರಿಯಾಗಿ ಕೊಡಲಾರದು. ಅದಾದ ಮೇಲೆ ಮಂಡಿಯ ಮುಂಗಡ. ಮುಂಗಡ ತಂದವನು ಕೊಬ್ಬರಿಯನ್ನು ಆ ಮಂಡಿಗೇ ಹಾಕಬೇಕು, ಅವನು ಕರೆದಾಗಲೇ ಹಾಕಬೇಕು. ಬೆಲೆ ನೋಡಿ ಮಾರುವ ಹಕ್ಕನ್ನೇ ಒತ್ತೆ ಇಟ್ಟ ಹಾಗೆ. ಸೊಸೈಟಿಯ ಶೂನ್ಯ ಬಡ್ಡಿ ಬೆಳೆಸಾಲಕ್ಕೆ ಅವಸರವಿಲ್ಲ, ಗಡುವು ತಪ್ಪಬಾರದು ಅಷ್ಟೇ. ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗುತ್ತೆ.

‘ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ’ ಅಂತ ಕೂಗಿದವರು ನೀವೇ ಅಲ್ಲವಾ, ಈಗ ಸಾಲ ತೀರಿಸಿ ಅಂತೀರಲ್ಲ ಅಂತ ಕೆಲವರು ಕೇಳಬಹುದು. ಆ ಮಾತು ಇವತ್ತಿಗೂ ಸರಿ. 2023ರಲ್ಲಿ ಬೆಂಬಲ ಬೆಲೆಗಿಂತ ಮೂರೂವರೆ ಸಾವಿರ ಕಮ್ಮಿಗೆ ಹೋದ ಪ್ರತಿ ಕ್ವಿಂಟಾಲಿನ ಬಾಕಿ ಸರ್ಕಾರದ ತಲೆ ಮೇಲೇ ಇದೆ, ಅದನ್ನು ಕೇಳುವುದು ಬಿಡುವುದಿಲ್ಲ. ಆದರೆ ಬಡ್ಡಿ ವ್ಯಾಪಾರಿ ನಮ್ಮ ಘೋಷಣೆ ಕೇಳಿ ಬಡ್ಡಿ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಸಾಲ ಕಳೆದು ಉಳಿದರೆ ಒಂದು ವರ್ಷದ ತೋಟದ ಖರ್ಚು, ಮನೆ ಖರ್ಚು ಬೇರೆ ತೆಗೆದಿಡಿ. ಅಟ್ಟದ ಕಾಯಿಯೇ ನಮ್ಮ ಬ್ಯಾಂಕು ಅಂತ ಹಿರಿಯರು ನಡೆಸಿಕೊಂಡು ಬಂದರು, ಒಳ್ಳೆಯದೇ. ಆದರೆ ಅದರ ಬೆಲೆ ಎಂಟು ಸಾವಿರಕ್ಕೂ ಇಳಿಯುತ್ತೆ, ಒಡೆದ ಕೊಬ್ಬರಿಗೆ ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತೆ. ಎಲ್ಲವನ್ನೂ ಅಟ್ಟದ ಮೇಲೇ ಬಿಡಬೇಡಿ.

ಇನ್ನು ಠೇವಣಿ ಇಡುವವರಿಗೆ ಒಂದು ಮಾತು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಐದು ಲಕ್ಷದವರೆಗೆ ವಿಮೆ ಉಂಟು. 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷವಿತ್ತು. ಈ ವಿಮೆ ಸಹಕಾರಿ ಬ್ಯಾಂಕಿಗೂ ಅನ್ವಯಿಸುತ್ತೆ. ಊರಿನ ಕೃಷಿ ಪತ್ತಿನ ಸೊಸೈಟಿಗೆ, ಪೇಟೆಯ ಸೌಹಾರ್ದ ಪತ್ತಿನ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ‘ಸಹಕಾರಿ’ ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಬ್ಯಾಂಕಲ್ಲ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಅಲ್ಲಿ ಇಟ್ಟವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನೀವೂ ಇಟ್ಟಿದ್ದರೆ ಈ ಸಲದ ವಾರ್ಷಿಕ ಮಹಾಸಭೆಗೆ ಹೋಗಿ. ಊಟ ಮಾಡಿ, ಸಹಿ ಹಾಕಿ ಬರುವುದಲ್ಲ. ಎದ್ದು ನಿಂತು ಕೇಳಿ: ನಮ್ಮ ದುಡ್ಡನ್ನು ಯಾರಿಗೆ ಸಾಲ ಕೊಟ್ಟಿದ್ದೀರಿ, ಎಷ್ಟು ಸುಸ್ತಿಯಾಗಿದೆ, ಆಡಳಿತ ಮಂಡಳಿಯವರ ಮನೆಯವರ ಹೆಸರಿನಲ್ಲಿ ಎಷ್ಟಿದೆ?