ಏನು ಓದ್ತಾ ಇದೀರಿ ಅಂತ ಕೇಳುವವರಿಗೆ

"ಈಚೆಗೆ ಏನ್ ಓದ್ತಾ ಇದೀರ್ರಪ್ಪಾ?"

ಕವಿಗೋಷ್ಠಿ ಮುಗಿದು ಉಪ್ಪಿಟ್ಟು-ಕಾಫಿ ನಡೆಯುತ್ತಿದ್ದಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು. ನಾವು ಮೂವರು. ಮೂವರೂ ನಮ್ಮ ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿಯವರು. ಮೂವರ ಚೀಲದಲ್ಲೂ ಇದ್ದದ್ದು ಎಫ್‌ಡಿಎ ಪರೀಕ್ಷೆಯ ಗೈಡು. ಗೈಡು ಅಂದೆವು. ಅವರು ನಕ್ಕರು. ಪಕ್ಕದಲ್ಲಿದ್ದ ಇನ್ನೊಬ್ಬರು "ಪಾಪ, ಹೊಟ್ಟೆಪಾಡು" ಅಂದರು. ಆಮೇಲೆ ಅವರಿಬ್ಬರೂ ತಾವು ಓದುತ್ತಿರುವ ಪುಸ್ತಕಗಳ ಹೆಸರುಗಳನ್ನು ಒಬ್ಬರಿಗೊಬ್ಬರು ಬಡಿಸಿಕೊಳ್ಳತೊಡಗಿದರು. ನಾವು ಪಂಕ್ತಿಯ ಹೊರಗೆ ನಿಂತು ನೋಡಿದೆವು.

ಆ 'ಪಾಪ' ಇನ್ನೂ ಗಂಟಲಿನಲ್ಲೇ ಸಿಕ್ಕಿಕೊಂಡಿದೆ. ಸಿಟ್ಟು ಬಂದಿರುವುದು ಅವರ ಮೇಲಷ್ಟೇ ಅಲ್ಲ, ನಮ್ಮ ಮೇಲೂ. ಯಾಕೆಂದರೆ ನಾವು ಹೇಳಿದ್ದು ಅರ್ಧ ಸತ್ಯ. ಗೈಡಿನ ಕೆಳಗೆ, ಅದೇ ಚೀಲದಲ್ಲಿ, ರಟ್ಟು ಕಿತ್ತುಹೋದ 'ಒಡಲಾಳ' ಇತ್ತು. ಹಾಸ್ಟೆಲಿನಲ್ಲಿ ಅದನ್ನು ಮೂರನೇ ಸಲ ಓದುತ್ತಿದ್ದೆವು. ಒಬ್ಬ ಓದುತ್ತಾನೆ, ಮಿಕ್ಕವರು ಚಾಪೆ ಮೇಲೆ ಉರುಳಿಕೊಂಡು ಕೇಳುತ್ತೇವೆ, ನಗುತ್ತೇವೆ, "ಇನ್ನೊಂದ್ಸಾರಿ ಓದ್ಲಾ ಅದ್ನ" ಅನ್ನುತ್ತೇವೆ. ಅದನ್ನು ಹೇಳಲಿಲ್ಲ. ಸುಖವಾಗಿ ಓದುತ್ತಿದ್ದೇವೆ ಅಂತ ಹೇಳುವುದಕ್ಕೆ ನಮಗೆ ನಾಚಿಕೆಯಾಯಿತು. ಕಷ್ಟ ಕೇಳಿದ್ದರೆ ಹೇಳುತ್ತಿದ್ದೆವು. ಅವಮಾನ ಕೇಳಿದ್ದರೆ ಅಲ್ಲೇ ನಿಂತು ಒಂದು ಪದ್ಯವನ್ನೇ ಓದುತ್ತಿದ್ದೆವು. ಖುಷಿ ಕೇಳಿದಾಗ ನಾಲಿಗೆ ಬಿದ್ದುಹೋಯಿತು. ಈ ನಾಚಿಕೆಯನ್ನು ನಮಗೆ ಕಲಿಸಿದವರು ಯಾರು?

ಪತ್ರಿಕೆಗಳ ಭಾನುವಾರದ ಪುರವಣಿ ನೋಡಿ. ವರ್ಷದ ಕೊನೆ ಬಂತೆಂದರೆ 'ಈ ವರ್ಷ ನನಗೆ ಹಿಡಿಸಿದ ಪುಸ್ತಕ' ಎಂದು ದೊಡ್ಡವರು ಪಟ್ಟಿ ಕೊಡುತ್ತಾರೆ. ಇವರ ಪಟ್ಟಿಯಲ್ಲಿ ಅವರು, ಅವರ ಪಟ್ಟಿಯಲ್ಲಿ ಇವರು. ಮದುವೆಮನೆಯ ಮುಯ್ಯಿ ಇದ್ದ ಹಾಗೆ. ನಮ್ಮವರನ್ನೂ ಒಮ್ಮೊಮ್ಮೆ ಕೇಳುತ್ತಾರೆ; ಆದರೆ ನಮ್ಮವರನ್ನು ಕೇಳುವುದು 'ನಿಮ್ಮ ನೋವಿನ ಅನುಭವ ಬರೆದುಕೊಡಿ' ಎಂದು. ಕೆಲಸವೇ ಹಂಚಿಹೋಗಿದೆ ಸ್ವಾಮಿ! ಅವರು ಓದಿ ಸಂತೋಷಪಡತಕ್ಕದ್ದು, ನಾವು ನೊಂದು ಬರೆಯತಕ್ಕದ್ದು. ಬೆಳೆಯೋನು ಒಬ್ಬ, ಉಣ್ಣೋನು ಒಬ್ಬ ಎನ್ನುವ ಹಳೇ ಲೆಕ್ಕ ಈಗ ಅಕ್ಷರಕ್ಕೂ ಬಂದಿದೆ.

ಓದಿದ್ದು ಹಿಡಿಸಿತು, ಹಿಡಿಸಲಿಲ್ಲ ಎಂದು ಹೇಳುವ ಮಾತು ಕಾಫಿ ಜೊತೆಯ ಹರಟೆ ಎಂದು ತಿಳಿದವರಿಗೆ ಒಂದು ಇಸವಿ ನೆನಪು ಮಾಡಬೇಕು: 1973. ಆ ವರ್ಷದ ನವೆಂಬರಿನಲ್ಲಿ, ಮೈಸೂರಿನಲ್ಲಿ, ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂಬರ್ಥದ ಮಾತಾಡಿದರು. ಒಬ್ಬ ಓದುಗ ತನಗೆ ಯಾವುದು ರುಚಿಸಲಿಲ್ಲ ಎಂದು ಹೇಳಿದ್ದು, ಅಷ್ಟೆ. ಅದೇ ಮಾತನ್ನು ಅಗ್ರಹಾರದ ವಿಮರ್ಶಕ ಹೇಳಿದ್ದರೆ ನಿಷ್ಠುರ ವಿಮರ್ಶೆ ಅನ್ನಿಸಿಕೊಳ್ಳುತ್ತಿತ್ತು. ಹೇಳಿದವನು ಹೊಲಗೇರಿಯಿಂದ ಬಂದವನಾದ್ದರಿಂದ ಬೀದಿಗೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ದಲಿತ ಚಳವಳಿ ಕಾವು ಪಡೆದದ್ದೂ ಆ ಬೆಂಕಿಯಿಂದಲೇ. ನಾವಾಗ ಹುಟ್ಟಿರಲಿಲ್ಲ. (ಬೂಸಾ ಎಂದರೆ ಬೈಗುಳ ಎಂದು ತಿಳಿದವರಿಗೆ ಒಂದು ಮಾತು: ನಮ್ಮ ಅವ್ವಂದಿರು ಬೂಸಾಕ್ಕೆ ಕಾಸಿಲ್ಲದೆ ಹಸುವಿಗೆ ಬರೀ ಹುಲ್ಲು ಹಾಕಿ ಕರೆದವರು. ಅವರು ಆ ಮಾತು ಕೇಳಿದ್ದರೆ 'ಅಷ್ಟೊಂದು ಬೂಸಾ ಇದ್ರೆ ನಮಗೂ ಒಂದ್ ಮೊರ ಕೊಡಿ' ಅನ್ನುತ್ತಿದ್ದರು.)

ಇನ್ನೂ ಹಿಂದೆ ಹೋಗೋಣ. ಬಾಬಾಸಾಹೇಬರು 1956ರಲ್ಲಿ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆಂದು ಬರೆದ ಮುನ್ನುಡಿಯಲ್ಲಿ ತಮ್ಮ ಹುಡುಗುತನದ ಓದಿನ ಕಥೆ ಹೇಳುತ್ತಾರೆ. ಅಪ್ಪ ದಿನಾ ಮಕ್ಕಳನ್ನು ಕೂರಿಸಿಕೊಂಡು ರಾಮಾಯಣ ಮಹಾಭಾರತ ಓದಿಸುತ್ತಿದ್ದರು. ಹುಡುಗ ಭೀಮರಾವ್ ಒಂದು ದಿನ ಕೇಳಿಯೇಬಿಟ್ಟ: ಬ್ರಾಹ್ಮಣರ ಕ್ಷತ್ರಿಯರ ದೊಡ್ಡಸ್ತಿಕೆಯನ್ನು, ಶೂದ್ರರ ಅಸ್ಪೃಶ್ಯರ ಹೀನಾಯವನ್ನು ಹೇಳುವ ಇವನ್ನು ನಾವು ಯಾಕೆ ಓದಬೇಕು? ಅಪ್ಪ ಕೊಟ್ಟ ಉತ್ತರ ಅವನಿಗೆ ಸಮಾಧಾನ ಕೊಡಲಿಲ್ಲ. ಭೀಷ್ಮ ಹಿಡಿಸಲಿಲ್ಲ, ದ್ರೋಣ ಹಿಡಿಸಲಿಲ್ಲ, ಕೃಷ್ಣ ಹಿಡಿಸಲಿಲ್ಲ. ರಾಮ ವಾಲಿಗೆ, ಶೂರ್ಪನಖಿಗೆ, ಸೀತೆಗೆ ಮಾಡಿದ್ದು ಹಿಡಿಸಲಿಲ್ಲ. ಹಾಗೆಯೇ, ಪರೀಕ್ಷೆ ಪಾಸಾದ ಸಂತೋಷಕ್ಕೆ ಜಾತಿಬಾಂಧವರು ಸಭೆ ಮಾಡಿದಾಗ, ಕೇಳೂಸ್ಕರ್ ಎಂಬ ಹಿರಿಯರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗಿಟ್ಟರು. ಓದಿದ. ಅದು ಹಿಡಿಸಿತು. ಮನಸ್ಸು ಕಲಕಿತು. ಆ ಒಂದು ಪುಸ್ತಕದ ದಾರಿ ಹಿಡಿದು ಹೋದರೆ 1956ರ ಅಕ್ಟೋಬರ್ 14ರ ನಾಗಪುರ ಸಿಗುತ್ತದೆ, ಲಕ್ಷಾಂತರ ಜನರ ಜೊತೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಪುಸ್ತಕ ಏನು ಮಾಡುತ್ತದೆ ಅಂತ ನಮಗೆ ಯಾವ ಪುರವಣಿಯವರೂ ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡಬೇಕಾಗಿರುವುದು ನಮ್ಮ ಕೇರಿಗಳಿಗೇ. ಗೆಳೆಯರು ಸಿಟ್ಟಾಗಬಾರದು. ಬಾಬಾಸಾಹೇಬರ ಪಟ ಇಲ್ಲದ ಮನೆ ಇಲ್ಲ. ಅವರ ಪುಸ್ತಕ ಇರುವ ಮನೆ ಎಷ್ಟಿವೆ, ಎಣಿಸಿ. ಏಪ್ರಿಲ್ 14ಕ್ಕೆ ಡಿಜೆ ಸೌಂಡು, ನೀಲಿ ಬಾವುಟ, ಹಾರ. ಬೇಡ ಅನ್ನುತ್ತಿಲ್ಲ; ನಮ್ಮ ಬೀದಿಯಲ್ಲಿ ನಾವು ಕುಣಿಯುವುದೂ ಒಂದು ಹೋರಾಟವೇ. ಆದರೆ 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಕರೆದು, ಭಾಷಣ ನೋಡಿ ಹೆದರಿ, ಸಭೆಯನ್ನೇ ರದ್ದು ಮಾಡಿದಾಗ, ಅವರು ಆಡಗೊಡದ ಆ ಮಾತನ್ನು ತಾವೇ ಅಚ್ಚು ಹಾಕಿಸಿದರಲ್ಲ, 'ಜಾತಿ ವಿನಾಶ', ಅದರ 1500 ಪ್ರತಿ ಎರಡೇ ತಿಂಗಳಲ್ಲಿ ಖಾಲಿಯಾಗಿತ್ತು. ನಮ್ಮ ಮೆರವಣಿಗೆಗಳಲ್ಲಿ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಅದರಲ್ಲಿ ಹತ್ತು ಜನ ಆ ಪುಸ್ತಕ ಓದಿ ಜಗಳಾಡಿಕೊಂಡರೆ ಸಾಕು, ಡಿಜೆಗಿಂತ ಜೋರು ಸದ್ದಾಗುತ್ತದೆ.

ಇನ್ನು ನಮ್ಮ ಸಂಘಟನೆಯ ಕೆಲವು ಅಣ್ಣಂದಿರು. ಅವರ ಪ್ರಕಾರ ಓದಬೇಕಾದ್ದು ಸಿದ್ಧಾಂತ, ಸುಖಕ್ಕಾಗಿ ಓದುವುದು ಮಧ್ಯಮವರ್ಗದ ಚಟ. ಈ ಮಾತಿಗೆ ನಮ್ಮ ಉತ್ತರ ಕಡಲೇಕಾಯಿ. 'ಒಡಲಾಳ'ದಲ್ಲಿ ಕದ್ದು ತಂದ ಕಡಲೇಕಾಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಸುತ್ತ ಕೂತು ತಿಂದು ಮುಗಿಸುತ್ತಾರಲ್ಲ, ಅದನ್ನು ಓದುತ್ತ ನಮ್ಮ ಬಾಯಲ್ಲಿ ನೀರು ಬಂತು. ಹಸಿವನ್ನು ಬಲ್ಲವನಿಗೇ ಆ ರುಚಿ ಪೂರ್ತಿ ಗೊತ್ತಾಗುವುದು. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುವುದು, ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುವುದು, ಇದೆಲ್ಲ ಶೋಷಣೆಯ ದಾಖಲೆ ಮಾತ್ರವೇ? ದೇವನೂರರು ಅಲ್ಲಿ ನಮ್ಮವರ ಬಡತನವನ್ನಷ್ಟೇ ಬರೆದಿಲ್ಲ, ನಮ್ಮವರ ಮಾತಿನ ಶ್ರೀಮಂತಿಕೆಯನ್ನು ಬರೆದಿದ್ದಾರೆ. ಅವರ 'ಕುಸುಮಬಾಲೆ' ಅರ್ಥವಾಗುವುದಿಲ್ಲ ಎಂದು ನಮ್ಮ ಮೇಷ್ಟ್ರೊಬ್ಬರು ಗೊಣಗಿದರು. ನಮ್ಮಲ್ಲೊಬ್ಬನ ಅಜ್ಜಿಗೆ ಜೋತಮ್ಮಗಳು ಕೂತು ತಮ್ಮ ತಮ್ಮ ಮನೆ ಕಷ್ಟಸುಖ ಮಾತಾಡಿಕೊಳ್ಳುವ ಭಾಗ ಓದಿ ಹೇಳಿದೆವು. ಅಜ್ಜಿಗೆ ಓದು ಬರದು. ಅವಳಿಗೆ ಒಂದು ಮಾತೂ ಕಷ್ಟವಾಗಲಿಲ್ಲ. "ದೀಪ ಮಾತಾಡ್ದೆ ಇನ್ನೇನ್ಲಾ, ರಾತ್ರಿಯೆಲ್ಲಾ ಎಚ್ಚರಾಗಿರೋದು ಅದೊಂದೆಯ" ಅಂದಳು. ಯಾವ ಪಿಎಚ್.ಡಿ. ಪ್ರಬಂಧದಲ್ಲಿ ಈ ಮಾತಿದೆ ತೋರಿಸಿ.

ಸರಿ, ಕೇಳಿದ್ದಕ್ಕೆ ತಡವಾಗಿಯಾದರೂ ಉತ್ತರ ಹೇಳುತ್ತೇವೆ. ಓದುತ್ತಿದ್ದೇವೆ.

ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದೆವು. 2021ರ ಕೊರೋನಾ ಅವರನ್ನು ತಿಂದುಹಾಕಿತು, ಆ ನಗುವನ್ನು ತಿನ್ನಲಾಗಲಿಲ್ಲ. ನೊಗಕ್ಕೆ ಎತ್ತಿನ ಬದಲು ಮನುಷ್ಯರ ಹೆಗಲು ಕಟ್ಟಿ ಉಳುವುದನ್ನು ಕಂಡ ಮಗು, ಆ ಹೆಗಲು ತನ್ನಪ್ಪನದು ಎಂದು ಕಂಡ ಮಗು, ಬೆಳೆದು ದೊಡ್ಡವನಾಗಿ ಓದುಗನನ್ನು ಬಿದ್ದುಬಿದ್ದು ನಗಿಸುತ್ತಾನೆ. ಇದು ಹೇಗೆ ಸಾಧ್ಯ ಅಂತ ನಾವು ಒಂದು ರಾತ್ರಿ ಪೂರ್ತಿ ವಾದ ಮಾಡಿದೆವು. ಒಬ್ಬ ಅದನ್ನು ರಾಜಿ ಅಂದ. ಇನ್ನೊಬ್ಬ ಅದೇ ಸೇಡು ಅಂದ. ವಾದ ಇನ್ನೂ ಮುಗಿದಿಲ್ಲ.

ಬಾನು ಮುಷ್ತಾಕ್ ಅವರ ಕಥೆಗಳನ್ನು ಓದುತ್ತಿದ್ದೇವೆ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮಾರನೇ ದಿನ 'ಯಾರಿವರು, ಯಾವಾಗಿಂದ ಬರೀತಿದಾರೆ' ಎಂದು ಕೇಳಿದವರ ಪಟ್ಟಿ ಮಾಡಿದ್ದರೆ ಅದೂ ಒಂದು ಪುರವಣಿ ತುಂಬುತ್ತಿತ್ತು. ಬಂಡಾಯದ ಹಳಬರು ಅವರನ್ನು ದಶಕಗಳಿಂದ ಓದಿಕೊಂಡು ಬಂದಿದ್ದಾರೆ. ಲಂಡನ್ನಿನಿಂದ ಚೀಟಿ ಬಂದ ಮೇಲೆ ಹಾಸನದ ದಾರಿ ಕೇಳುವವರ ಓದು ಎಂಥದ್ದು? 'ಕರಿ ನಾಗರಗಳು' ಕಥೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೆ ಹೋಗಿ ನ್ಯಾಯ ಕೇಳುತ್ತ ಕೂತ ಹೆಣ್ಣು ನಮ್ಮ ಮಾರಿಗುಡಿಯ ಪಂಚಾಯ್ತಿಕಟ್ಟೆಯ ಮುಂದೆಯೂ ಕೂತಿದ್ದಾಳೆ. ಅವಳನ್ನು ಗುರುತಿಸಲು ನಮಗೆ ಬೂಕರ್ ಬೇಕಾಗಲಿಲ್ಲ.

ಮುಕ್ತಾಬಾಯಿ ಬರೆದದ್ದನ್ನೂ ಓದಿದೆವು. ಹೆಸರು ಕೇಳಿದ್ದೀರಾ? ಪುಣೆಯಲ್ಲಿ ಫುಲೆಯವರ ಶಾಲೆಯ ಹುಡುಗಿ, ಮಾಂಗ ಜಾತಿಯವಳು. 1855ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ, ಮಾಂಗ ಮಹಾರರ ದುಃಖವನ್ನು ಕುರಿತು ಅವಳು ಬರೆದ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಮೊದಲ ಗದ್ಯ ಯಾವುದು ಅಂತ ಯಾರಾದರೂ ಕೇಳಿದರೆ ನಾವು ಆ ಹುಡುಗಿಯ ಹೆಸರು ಹೇಳುತ್ತೇವೆ.

ಹೈಸ್ಕೂಲು ಮೇಷ್ಟ್ರುಗಳೇ, ಈ ಪತ್ರಿಕೆ ನಿಮ್ಮ ಕೈಗೂ ಬರುತ್ತದೆ ಅಂತ ಗೊತ್ತು. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಒಂದು ಪೀರಿಯಡ್ಡಿನಲ್ಲಿ ಓದಿ ಹೇಳಬಹುದಾದಷ್ಟು ಚಿಕ್ಕದು. ರೈಲಿಳಿದ ಮಕ್ಕಳು ಮಹಾರರು ಎಂದು ಗೊತ್ತಾದಮೇಲೆ ಗಾಡಿಯವನು ಎರಡು ಪಟ್ಟು ಬಾಡಿಗೆ ಇಸಕೊಂಡು, ಗಾಡಿ ನೀವೇ ಹೊಡೆಯಿರಿ ಎಂದು ತಾನು ಪಕ್ಕದಲ್ಲಿ ನಡೆದು ಬಂದದ್ದನ್ನು ಓದಿ ಹೇಳಿ. ಕುಡಿಯಲು ನೀರು ಸಿಗದ ಆ ರಾತ್ರಿಯನ್ನು ಓದಿ ಹೇಳಿ. ಹಿಂದಿನ ಬೆಂಚಿನವನು ತಲೆ ಎತ್ತುತ್ತಾನೆ. ಮುಂದಿನ ಬೆಂಚಿನವನು ತಲೆ ತಗ್ಗಿಸುತ್ತಾನೋ ಇಲ್ಲವೋ, ಅದು ನೀವು ಓದುವ ರೀತಿಗೆ ಬಿಟ್ಟದ್ದು.

ಪುಸ್ತಕ ಎಲ್ಲಿದೆ ಅನ್ನಬೇಡಿ. 1965ರಲ್ಲೇ ಗ್ರಂಥಾಲಯದ ಕಾಯಿದೆ ಬಂತು. ಕಟ್ಟುವ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತ ಬಂದಿದ್ದಾರೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಮೇಲೆ ಇವೆ, ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಹೆಸರು. ಕೆಲವು ಕಡೆ ಮಕ್ಕಳು ತುಂಬಿಕೊಂಡಿರುವುದನ್ನು ನಾವೇ ಕಂಡಿದ್ದೇವೆ, ಇಲ್ಲವೆನ್ನುವುದಿಲ್ಲ. ಆದರೆ ನಾವು ಕಂಡ ಒಂದು ಊರಿನಲ್ಲಿ ಬೀರು ಇದೆ, ಬೀರುವಿನಲ್ಲಿ ಅಂಬೇಡ್ಕರ್ ಸಂಪುಟಗಳು ಸಾಲಾಗಿ ಇವೆ, ಅಂಟು ಬಿಚ್ಚದ ಪುಟಗಳು, ಬೀರುವಿಗೆ ಬೀಗ. ಯಾಕೆ ಅಂದರೆ "ಹುಡುಗ್ರು ಕೊಳೆ ಮಾಡ್ತಾರೆ" ಎಂಬ ಉತ್ತರ. ಮುಟ್ಟಿದರೆ ಮೈಲಿಗೆ ಎನ್ನುವುದಕ್ಕೆ ಹೊಸ ಕನ್ನಡ ಇದು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ತವರ, ಅರಗು ಕಾಸಿ ಹುಯ್ಯಿ ಅಂತ ಗೌತಮ ಧರ್ಮಸೂತ್ರದಲ್ಲಿ ಬರೆದಿಟ್ಟರು. ಈಗ ಕಾಸುವ ಕಷ್ಟವೂ ಇಲ್ಲ, ಒಂದು ಬೀಗ ಸಾಕು.

ನಾವು ನಾಲ್ಕು ಸಲ ಹೋಗಿ ನಿಂತ ಮೇಲೆ ಅಲ್ಲಿ ಬೀಗ ತೆಗೆದರು. ನೀವೂ ಹೋಗಿ ನಿಂತುಕೊಳ್ಳಿ. ತೆಗೆಸಿದ ಪುಸ್ತಕವನ್ನು ಒಬ್ಬರೇ ಮೂಲೆಯಲ್ಲಿ ಓದಿ ಜಾಣರಾಗಬೇಡಿ. ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿ. ಅರಗು ಹುಯ್ಯಿಸಿಕೊಂಡ ಕಿವಿಗಳು ನಮ್ಮ ಕೇರಿಯಲ್ಲಿ ಇನ್ನೂ ಬಹಳ ಇವೆ, ಕೇಳಲು ಕಾದಿವೆ. ಮೆಚ್ಚಿದ್ದನ್ನು ಮೆಚ್ಚಿದೆವು ಅನ್ನಿ. ಬೂಸಾ ಅನ್ನಿಸಿದರೆ ಬೂಸಾ ಅನ್ನಿ.

ಇನ್ನೊಂದು ಸಣ್ಣ ವಿಷಯ. ಆ ರಟ್ಟು ಕಿತ್ತ 'ಒಡಲಾಳ' ಹಾಸ್ಟೆಲಿನಿಂದ ಕೈಯಿಂದ ಕೈಗೆ ಹೋಗಿ ಈಗ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. ಮೊದಲ ಪುಟದಲ್ಲಿ ಎಣ್ಣೆ ಕಲೆ ಇದೆ, ಗುರುತು ಸಿಗುತ್ತದೆ. ಇಟ್ಟುಕೊಂಡವರು ನಿಧಾನಕ್ಕೆ ಓದಿ, ಅವಸರ ಇಲ್ಲ. ಮುಗಿದ ಮೇಲೆ ಕಳಿಸಿ. ಹಬ್ಬಕ್ಕೆ ಹಟ್ಟಿಗೆ ಹೋಗಿದ್ದಾಗ ಚಿಕ್ಕಮ್ಮನಿಗೆ ಓದಿ ಹೇಳುತ್ತಿದ್ದೆವು, ಬಸ್ಸು ಬಂತು ಅಂತ ಅರ್ಧಕ್ಕೇ ಎದ್ದು ಬಂದೆವು. ಫೋನು ಮಾಡಿದಾಗಲೆಲ್ಲ ಚಿಕ್ಕಮ್ಮ ಕೇಳುತ್ತಾಳೆ: "ಆ ಸಾಕವ್ವನ ಹುಂಜ ಸಿಕ್ತೇನ್ಲಾ?"