ಎಳನೀರಿನಲ್ಲಿ ಅಡಗಿರುವ ಶಕ್ತಿ

ಬೇಲೂರು, ಹಳೇಬೀಡುಗಳ ಶಿಲ್ಪವೈಭವವನ್ನು ಕಾಣಲೆಂದು ಅರಸೀಕೆರೆಯಲ್ಲಿ ರೈಲಿನಿಂದಿಳಿಯುವವರು ಎಳನೀರನ್ನು ಕೊಚ್ಚಿಸಿ ಕುಡಿದು, ಗಂಜಿಯನ್ನು ತಿಂದು ಮುಂದೆ ಸಾಗುತ್ತಾರೆ. ತಾವು ಕುಡಿದದ್ದು ಬರಿಯ ನೀರಲ್ಲವೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಸಸ್ಯದ ದೇಹವೆಲ್ಲವೂ ಜೀವಕೋಶಗಳೆಂಬ ಸೂಕ್ಷ್ಮ ಕೋಣೆಗಳಿಂದಾದುದು. ಕೋಶಕೇಂದ್ರವು ಎರಡಾದೊಡನೆ ನಡುವೆ ಗೋಡೆಯೊಂದು ಎದ್ದು, ಒಂದು ಕೋಣೆ ಎರಡಾಗುವುದು ಸಾಮಾನ್ಯ ಕ್ರಮ. ಎಳೆಯ ತೆಂಗಿನಕಾಯಿಯೊಳಗೆ ಈ ಕ್ರಮ ಬೇರೆ. ಭ್ರೂಣದ ಆಹಾರಕ್ಕಾಗಿ ಸಿದ್ಧವಾಗುವ ಅಂಗಾಂಶದಲ್ಲಿ ಕೇಂದ್ರಗಳು ಮಾತ್ರ ಹೆಚ್ಚುತ್ತ ಹೋಗುತ್ತವೆ; ಗೋಡೆಗಳು ಏಳುವುದಿಲ್ಲ. ಈ ದ್ರವವೇ ಎಳನೀರು. ತಿಂಗಳುಗಳು ಕಳೆದಂತೆ ಚಿಪ್ಪಿನ ಒಳಮೈಯ ಸುತ್ತ ಗೋಡೆಗಳು ಮೂಡಿ, ಮೊದಲು ಗಂಜಿಯೂ ಬಳಿಕ ಗಟ್ಟಿ ತಿರುಳೂ ಆಗುತ್ತವೆ. ಸುಮಾರು 12 ತಿಂಗಳಿಗೆ ಕಾಯಿ ಬಲಿಯುತ್ತದೆ.

ಈ ದ್ರವಕ್ಕೆ ಅನ್ಯ ಸಸ್ಯಗಳ ಕೋಶಗಳನ್ನು ಎಚ್ಚರಿಸುವ ಗುಣವೂ ಉಂಟು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಎಫ್. ಸಿ. ಸ್ಟೀವರ್ಡರು ತೆಂಗಿನ ನೀರು ಬೆರೆಸಿದ ಪೋಷಕ ದ್ರವದಲ್ಲಿ ಗಜ್ಜರಿಯ ಕೋಶಗಳನ್ನು ತೇಲಬಿಟ್ಟು, ಅವುಗಳಿಂದ ಬೇರು ಚಿಗುರುಗಳುಳ್ಳ ಪೂರ್ಣ ಗಿಡಗಳನ್ನೇ ಬೆಳೆಸಿ 1958ರಲ್ಲಿ ಲೋಕವನ್ನು ಬೆರಗುಗೊಳಿಸಿದರು. ವಿಭಜಿಸುವಂತೆ ಕೋಶಗಳನ್ನು ಪ್ರಚೋದಿಸುವ ಸೈಟೊಕೈನಿನ್ ಎಂಬ ವಸ್ತುಗಳು ಎಳನೀರಿನಲ್ಲಿವೆಯೆಂಬುದು ಅನಂತರ ಸ್ಪಷ್ಟವಾಯಿತು. ಇಂದು ಪ್ರಯೋಗಾಲಯಗಳಲ್ಲಿ ಸೀತಾಳೆ ಸಸಿಗಳನ್ನು ಬೆಳೆಸುವವರೂ ತೆಂಗಿನ ನೀರನ್ನು ಬಳಸುವುದುಂಟು.

ಪರರ ಕೋಶಗಳನ್ನು ಎಚ್ಚರಿಸುವ ನೀರನ್ನು ಹೊತ್ತ ಮರದ ಸ್ವಂತ ಬೆಳವಣಿಗೆಯಾದರೋ ಬಹು ಇಕ್ಕಟ್ಟಿನದು! ಮಾವು, ಹಲಸುಗಳ ತೊಗಟೆಯ ಕೆಳಗೆ ವಿಭಜಿಸುತ್ತಲೇ ಇರುವ ಕೋಶಗಳ ಪದರವೊಂದಿದೆ. ಅದರಿಂದ ಕಾಂಡ ದಪ್ಪವಾಗುತ್ತದೆ, ಗಾಯ ಮಾಯುತ್ತದೆ. ತೆಂಗಿಗೆ ಆ ಪದರವಿಲ್ಲ. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಕಡಿದ ಕಚ್ಚು ಮರವಿರುವವರೆಗೂ ಉಳಿಯುತ್ತದೆ. ಹೊಸ ಗರಿ, ಹೊಂಬಾಳೆ, ಕಾಂಡದ ಎತ್ತರ ಎಲ್ಲಕ್ಕೂ ಸುಳಿಯೊಳಗಿನ ಒಂದೇ ಬೆಳೆಯುವ ತುದಿ ಆಧಾರ. ಅದು ಸತ್ತರೆ ಪಕ್ಕದಲ್ಲಿ ಬೇರೊಂದು ಕೊಂಬೆ ಚಿಗುರುವುದಿಲ್ಲ, ಮರವೇ ಸಾಯುತ್ತದೆ.

ಆದುದರಿಂದ ಹಿತ್ತಿಲಲ್ಲಿ ತೆಂಗಿನ ಮರವುಳ್ಳ ಗೃಹಸ್ಥರು ಎರಡು ಮಾತುಗಳನ್ನು ನೆನಪಿಡಬೇಕು. ಕಾಯಿ ಕೀಳುವವರಿಗೆ ಕಾಂಡವನ್ನು ಕಚ್ಚು ಮಾಡಗೊಡಬಾರದು. ಮಳೆಗಾಲದಲ್ಲಿ ನಡುವಿನ ಎಳೆಯ ಗರಿ ಬಾಡಿ ಹಳದಿಯಾದರೆ ಅದು ಸುಳಿಕೊಳೆ ರೋಗದ ಸೂಚನೆಯಾಗಿರಬಹುದು. ಮೊದಲ ಹಂತದಲ್ಲಿಯೇ ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಬೋರ್ಡೋ ಪೇಸ್ಟ್ ಬಳಿಸಿದರೆ ಮರ ಬದುಕೀತು. ತಡಮಾಡಿದರೆ ಉಪಾಯವಿಲ್ಲ. ಅದರ ಸ್ಥಾನದಲ್ಲಿ ನೆಟ್ಟ ಎತ್ತರದ ತಳಿಯ ಸಸಿ ಫಲ ಕೊಡಲು 6-7 ವರ್ಷಗಳಾದರೂ ಬೇಕು. ಅಷ್ಟು ವರ್ಷಗಳ ಕಾಯುವಿಕೆಯನ್ನು ತಪ್ಪಿಸಲು ಮಳೆಗಾಲದಲ್ಲಿ ಆಗಾಗ ತಲೆಯೆತ್ತಿ ಸುಳಿಯನ್ನು ನೋಡುವ ಅಭ್ಯಾಸವೊಂದಿದ್ದರೆ ಸಾಕು.