ರಕ್ತಕ್ಕೂ ಒಂದು ರಸಸಾರವಿದೆ

ರಸಸಾರ ಎಂಬ ಮಾತು ನಮ್ಮ ರೈತ ಬಾಂಧವರಿಗೆ ಹೊಸದಲ್ಲ. ಮಣ್ಣು ಪರೀಕ್ಷೆಯ ವರದಿಯಲ್ಲಿ ಅದಿಲ್ಲದೆ ಮಾತೇ ಇಲ್ಲ. ಮಲೆನಾಡಿನ ಹುಳಿ ಮಣ್ಣಿನ ರಸಸಾರ 5ರ ಆಸುಪಾಸಿನಲ್ಲಿದ್ದರೆ ಸುಣ್ಣ ಹಾಕಿರಿ ಎನ್ನುತ್ತೇವೆ. ಕರಲು ಭೂಮಿಯಲ್ಲಿ ಅದು 8.5ನ್ನು ದಾಟಿದರೆ ಜಿಪ್ಸಂ ಹಾಕಿರಿ ಎನ್ನುತ್ತೇವೆ. ಈ ಎರಡು ಅಂಕಿಗಳ ನಡುವೆ ಎಲ್ಲಿದ್ದರೂ ಭೂಮಿ ಏನಾದರೊಂದು ಬೆಳೆ ಕೊಡುತ್ತದೆ. ಮನುಷ್ಯನ ರಕ್ತಕ್ಕೆ ಅಷ್ಟು ತಾಳ್ಮೆಯಿಲ್ಲ. ಅದರ ರಸಸಾರ 7.35ರಿಂದ 7.45ರ ಒಳಗೇ ಇರಬೇಕು. 7.4 ಇದ್ದದ್ದು 7.1ಕ್ಕೆ ಇಳಿಯಿತೆಂದರೆ, ನೋಡಲು ಸಣ್ಣ ವ್ಯತ್ಯಾಸ, ಆದರೆ ರಕ್ತದ ಆಮ್ಲತೆ ಇಮ್ಮಡಿಯಾಗಿರುತ್ತದೆ. 6.8ರ ಕೆಳಗೆ ಹೋದವರು ಉಳಿಯುವುದು ತೀರ ಅಪರೂಪ.

ಬೇಸಾಯಶಾಸ್ತ್ರದವನಿಗೆ ಈ ವೈದ್ಯರ ಲೆಕ್ಕವೇಕೆ ಎಂದು ಯಾರಾದರೂ ಕೇಳಬಹುದು. ಕೀಟನಾಶಕದ ವಿಷವೇರಿದವನ ರಕ್ತದಲ್ಲಿ ಈ ಅಂಕಿ ಇಳಿಯತೊಡಗುವುದು ಆಸ್ಪತ್ರೆಯಲ್ಲಲ್ಲ, ಹೊಲದ ಬದುವಿನ ಮೇಲೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಡೈಮಿಥೋಯೇಟ್, ಮೊನೊಕ್ರೋಟೋಫಾಸ್ ಮುಂತಾದವು ಸಾವಯವ ರಂಜಕದ ಗುಂಪಿಗೆ ಸೇರಿದ ಕೀಟನಾಶಕಗಳು. ಇವು ಹುಳುವಿನ ನರಗಳನ್ನು ಕೆಡಿಸಿ ಕೊಲ್ಲುತ್ತವೆ. ಮನುಷ್ಯನ ನರಗಳೂ ಅದೇ ಬಗೆಯಲ್ಲಿ ಕೆಲಸ ಮಾಡುತ್ತವೆ. ಒಂದು ನರ ಇನ್ನೊಂದು ನರಕ್ಕೆ ಅಥವಾ ಸ್ನಾಯುವಿಗೆ ಸಂದೇಶ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ರಸ ಸುರಿಯುತ್ತದೆ. ಕೆಲಸವಾದ ಕೂಡಲೇ ಅದನ್ನು ಒಡೆದುಹಾಕಲು ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವಿದೆ. ಅದನ್ನು ಕಾಲುವೆಯ ನೀರುಗಂಟಿ ಎಂದು ತಿಳಿಯಬಹುದು. ಕೀಟನಾಶಕವು ಈ ನೀರುಗಂಟಿಯ ಕೈ ಕಟ್ಟಿಹಾಕುತ್ತದೆ. ತೂಬು ಮುಚ್ಚುವವರಿಲ್ಲದೆ ಎಲ್ಲ ಕಡೆಯೂ ನೀರು ನುಗ್ಗುತ್ತದೆ: ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬೆವರು, ತಲೆನೋವುಗಳನ್ನು ಬಿಸಿಲಿನ ಝಳವೆಂದು ತಳ್ಳಿಹಾಕುವವರು ಪಾಪೆಯನ್ನೊಮ್ಮೆ ನೋಡಬೇಕು.

ಇಷ್ಟಕ್ಕೇ ಜೀವ ಹೋಗುವುದಿಲ್ಲ. ಜೀವ ಹೋಗುವುದು ಉಸಿರಿನಿಂದ. ಶ್ವಾಸನಾಳಗಳಲ್ಲಿ ನೊರೆಯಂಥ ಲೋಳೆ ತುಂಬುತ್ತದೆ, ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ, ಮಿದುಳಿನಿಂದ ಬರುವ ಆಜ್ಞೆಯೂ ಕುಂದುತ್ತದೆ. ಆಗ ಹೊರಗೆ ಹೋಗಬೇಕಾದ ಇಂಗಾಲದ ಡೈ ಆಕ್ಸೈಡ್ ರಕ್ತದಲ್ಲೇ ನಿಂತು ಆಮ್ಲವಾಗುತ್ತದೆ. ಇದು ಒಂದು ದಾರಿ. ಆಮ್ಲಜನಕ ಸಾಲದೆ, ರಕ್ತದೊತ್ತಡ ಬಿದ್ದು, ಜೀವಕೋಶಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪತ್ತಿ ಮಾಡುವುದು ಎರಡನೆಯ ದಾರಿ. ತೈವಾನಿನ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದಾಗ ರಕ್ತ ಹುಳಿಯಾಗಿರದಿದ್ದವರ ಸ್ಥಿತಿ ಎಲ್ಲರಿಗಿಂತ ಉತ್ತಮವಾಗಿತ್ತು. ಎರಡೂ ದಾರಿಗಳಿಂದ ಆಮ್ಲ ಕೂಡಿಕೊಂಡವರಲ್ಲಿ ಸಾವು ಎಲ್ಲಕ್ಕಿಂತ ಹೆಚ್ಚಾಗಿತ್ತು. ನನ್ನ ಅಭಿಪ್ರಾಯದಲ್ಲಿ ಈ ಅಂಕಿಯನ್ನು ಕೇವಲ ರೋಗದ ಗುರುತು ಎನ್ನುವುದಕ್ಕಿಂತ, ಉಸಿರು ಕೆಟ್ಟು ಎಷ್ಟು ಹೊತ್ತಾಯಿತು ಎಂದು ತೋರಿಸುವ ಗಡಿಯಾರ ಎನ್ನುವುದೇ ಸರಿ.

(ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಕಥೆ ಬೇರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲವು ಜೀವಕೋಶಗಳ ಒಳಗಿನ ಉಸಿರನ್ನೇ ನಿಲ್ಲಿಸುತ್ತದೆ, ಪ್ರತಿವಿಷವೂ ಇಲ್ಲ. ಅದು ರೈತನ ಮನೆಯೊಳಗೆ ಇರಲೇಬಾರದೆಂಬುದು ನನ್ನ ಖಚಿತ ಮತ.)

ಹುಳಿ ಮಣ್ಣಿಗೆ ಸುಣ್ಣವಾದರೆ ಹುಳಿ ರಕ್ತಕ್ಕೆ ಸೋಡಾ ಏಕಾಗಬಾರದು? ಈ ಪ್ರಶ್ನೆ ಸಹಜ. ವೈದ್ಯರೂ ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳಕ್ಕೆ ಕೊಟ್ಟು ನೋಡಿದ್ದಾರೆ. 2005ರ ಕಾಕ್ರೇನ್ ಸಮೀಕ್ಷೆ ಲಭ್ಯವಿದ್ದ ಪ್ರಯೋಗಗಳನ್ನು ತೂಗಿ ನೋಡಿ, ಇದನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಲು ಆಧಾರ ಸಾಲದು ಎಂದಿತು. ಮಣ್ಣು ನಿಂತಲ್ಲೇ ನಿಂತಿರುತ್ತದೆ. ಉಸಿರು ಕಟ್ಟಿದವನಲ್ಲಾದರೋ ಕ್ಷಣಕ್ಷಣಕ್ಕೂ ಹೊಸ ಆಮ್ಲ ಹುಟ್ಟುತ್ತಿರುತ್ತದೆ. ಉಸಿರಾಟವನ್ನು ಸರಿಪಡಿಸದೆ ಅಂಕಿಯನ್ನು ಸರಿಪಡಿಸುವುದು ಒಡೆದ ಕೆರೆಗೆ ನೀರು ತುಂಬಿದಂತೆ. ಹೀಗಿರುವಾಗ ಮನೆಯಲ್ಲಿ ಅಡಿಗೆ ಸೋಡಾ ಕುಡಿಸುವುದಕ್ಕೆ ಅರ್ಥವೇ ಇಲ್ಲ. ಉಪ್ಪುನೀರು, ಹುಣಸೆ ನೀರು, ಮಜ್ಜಿಗೆ ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಇವು ಅದಕ್ಕಿಂತಲೂ ಕೆಡುಕು. ಅರೆಪ್ರಜ್ಞೆಯಲ್ಲಿರುವವನ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅನೇಕ ಔಷಧಿಗಳಲ್ಲಿ ಸೀಮೆಎಣ್ಣೆಯಂಥ ದ್ರಾವಕ ಬೇರೆ ಇರುತ್ತದೆ.

ಹೊಲದಲ್ಲಿ ಮಾಡಬೇಕಾದುದು ಸ್ವಲ್ಪವೇ. ಔಷಧಿ ತಾಗಿದ ಬಟ್ಟೆಯನ್ನು ಕೂಡಲೇ ಕಳಚಿ, ಸೋಪು ಹಚ್ಚಿ ಮೈತುಂಬ ನೀರು ಸುರಿಯಬೇಕು. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಬಾಯಲ್ಲಿನ ಜೊಲ್ಲನ್ನು ಒರೆಸುತ್ತ, 108ಕ್ಕೆ ಫೋನು ಮಾಡಬೇಕು. ಬಾಟಲಿ ಅಥವಾ ಅದರ ಲೇಬಲ್ಲು ಜೊತೆಯಲ್ಲಿ ಹೋಗಲಿ. ವಿಷವನ್ನು ಕುಡಿಯದಿದ್ದರೆ ಅಪಾಯವಿಲ್ಲ ಎಂದು ಭಾವಿಸಬಾರದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಎತ್ತರಕ್ಕೆ ಬೆಳೆದ ಹತ್ತಿಗೆ ಔಷಧಿ ಹೊಡೆಯುತ್ತಿದ್ದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಚರ್ಮ ಮತ್ತು ಉಸಿರಿನ ಮೂಲಕವೇ ವಿಷ ಒಳಹೊಕ್ಕಿತ್ತು.

ಇನ್ನು ಆಸ್ಪತ್ರೆಯ ಮಾತು. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ಘೋರ ಕೃತ್ಯದಲ್ಲಿ 17 ಮಂದಿ ಮೃತರಾದರು. ಅಂದು ಉಸಿರಾಟದ ಯಂತ್ರಕ್ಕಾಗಿ ರೋಗಿಗಳನ್ನು ನೂರು ಕಿಲೋಮೀಟರಿಗೂ ದೂರದ ಮೈಸೂರಿಗೆ ಸಾಗಿಸಬೇಕಾಯಿತು. ಗಡಿಯಾರ ಓಡುವುದು ಇಂಥ ದಾರಿಯಲ್ಲೇ. ಅಟ್ರೋಪಿನ್ ದುಬಾರಿ ಔಷಧವೇನಲ್ಲ, ಆದರೆ ತೀವ್ರವಾಗಿ ವಿಷವೇರಿದ ಒಬ್ಬನಿಗೇ ಹತ್ತಾರು ಆಂಪೂಲುಗಳು ಬೇಕಾಗುತ್ತವೆ. ಅದನ್ನು ಕೆಲವೇ ನಿಮಿಷಗಳ ಅಂತರದಲ್ಲಿ ಇಮ್ಮಡಿಸುತ್ತ ಕೊಟ್ಟರೆ ಸಾವು ಕಡಿಮೆಯಾಗುವುದೆಂದು 2012ರಲ್ಲಿ ಬಾಂಗ್ಲಾದೇಶದ ಪ್ರಯೋಗವೊಂದು ತೋರಿಸಿದೆ. ಕೋವಿಡ್ ಕಾಲದಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಿಗೆ ವೆಂಟಿಲೇಟರುಗಳೂ ಆಮ್ಲಜನಕದ ಘಟಕಗಳೂ ಬಂದವು. ಅವು ನಡೆಯುತ್ತಿವೆಯೇ, ನಡೆಸಬಲ್ಲವರು ರಾತ್ರಿ ಪಾಳಿಯಲ್ಲೂ ಇರುವರೇ, ಅಟ್ರೋಪಿನ್ ದಾಸ್ತಾನು ಎಷ್ಟಿದೆ, ರಕ್ತದ ರಸಸಾರ ಅಳೆಯುವ ಯಂತ್ರವಿದೆಯೇ? ಗ್ರಾಮಸಭೆಗಳು ಮುಂಗಾರಿಗೆ ಮುಂಚೆ ಗೊಬ್ಬರದ ದಾಸ್ತಾನು ಕೇಳುವಂತೆ ಇದನ್ನೂ ಕೇಳಬೇಕು. ಗೊಬ್ಬರ ತಡವಾದರೆ ರಸ್ತೆಗಿಳಿಯುವ ನಾವು ಇದನ್ನು ಮಾತ್ರ ಕೇಳುವುದಿಲ್ಲ.

ವಿಷವನ್ನೇ ಬದಲಾಯಿಸುವುದು ಇದಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ. ಶ್ರೀಲಂಕಾ 1995ರಲ್ಲಿ ಮೊನೊಕ್ರೋಟೋಫಾಸ್ ಮತ್ತು ಮೆಥಮಿಡೋಫಾಸ್‌ಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಆತ್ಮಹತ್ಯೆಯ ಸಾವುಗಳು ಅರ್ಧಕ್ಕೆ ಇಳಿದವು, ಬೆಳೆಯ ಇಳುವರಿ ಕುಸಿಯಲಿಲ್ಲ. ನಮ್ಮ ದೇಶದಲ್ಲಿ ಫೋರೇಟ್, ಟ್ರಯಜೋಫಾಸ್, ಡೈಕ್ಲೋರ್‌ವಾಸ್‌ಗಳು 2018ರ ಆದೇಶದಂತೆ 2020ರ ಕೊನೆಗೆ ನಿಂತವು. ಮೊನೊಕ್ರೋಟೋಫಾಸನ್ನು ತರಕಾರಿಗೆ ಹೊಡೆಯಬಾರದೆಂದು 2005ರಲ್ಲೇ ಆಜ್ಞೆಯಾಗಿತ್ತು. ಅದರ 36 ಪ್ರತಿಶತ ದ್ರಾವಣವನ್ನೇ ನಿಲ್ಲಿಸುವ ಆದೇಶ 2023ರಲ್ಲಿ ಹೊರಟಿತು. ಆದೇಶ ಹೊರಟ ಮಾತ್ರಕ್ಕೆ ಅಟ್ಟದ ಮೇಲಿನ ಹಳೆಯ ಬಾಟಲಿ ಮಾಯವಾಗುವುದಿಲ್ಲ. ಅಂಗಡಿಯಲ್ಲಿ ಕೆಂಪು ಅಥವಾ ಹಳದಿ ತ್ರಿಕೋನದ ಡಬ್ಬಿ ಕೊಟ್ಟರೆ, ಅದೇ ಪೀಡೆಗೆ ನೀಲಿ ಅಥವಾ ಹಸಿರು ತ್ರಿಕೋನದ್ದು ಇದೆಯೇ ಎಂದು ಕೇಳಿ ನೋಡಿ. ಬಹಳ ಪೀಡೆಗಳಿಗೆ ಇರುತ್ತದೆ. ಮನೆಯಲ್ಲಿ ಯಾರದಾದರೂ ಮನಸ್ಸು ಕುಗ್ಗಿದ್ದರೆ ಡಬ್ಬಿಗಳು ಬೀಗದೊಳಗಿರಲಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಕೊನೆಯದಾಗಿ, ಚಿಕಿತ್ಸೆ ದೊರೆತು ಎರಡನೆಯ ದಿನ ರೋಗಿ ಎದ್ದು ಕುಳಿತು ಗಂಜಿ ಕುಡಿದನೆಂದು ಮನೆಯವರು ಒತ್ತಾಯದಿಂದ ಬಿಡುಗಡೆ ಮಾಡಿಸಿಕೊಳ್ಳುವುದುಂಟು. ಖರ್ಚಿನ ಭಯ, ದನಕರುಗಳ ಚಿಂತೆ, ಎಲ್ಲವೂ ಅರ್ಥವಾಗುವಂಥದೇ. ಆದರೆ ವಿಷವೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರಲ್ಲಿ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಮತ್ತೆ ಸೋಲುತ್ತವೆ. ದಿಂಬಿನಿಂದ ತಲೆ ಎತ್ತಲಾಗದಿರುವುದು ಇದರ ಮೊದಲ ಲಕ್ಷಣ. ವೈದ್ಯರು ಸಾಕು ಎನ್ನುವವರೆಗೆ ಅವನನ್ನು ಅಲ್ಲಿಂದ ಕರೆತರಬೇಡಿ.